ಕೆಲಸದ ಗ್ಯಾಪ್ ಮುಚ್ಚಿಸೋಕೆ ದುಡ್ಡು ಕೊಡಬೇಡಿ: ಲಿಂಕ್ಡ್‌ಇನ್ ಕೆರಿಯರ್ ಬ್ರೇಕ್ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಮಧ್ಯದಲ್ಲಿ ಕೆಲಸ ಬಿಟ್ಟು ಈಗ ಮತ್ತೆ ಹುಡುಕುತ್ತಿದ್ದರೆ, ರೆಸ್ಯೂಮ್ ಬರೆದುಕೊಡುವವರಿಗೆ ಸಾವಿರಗಟ್ಟಲೆ ಸುರಿಯಬೇಡಿ. ಉದ್ಯೋಗಕ್ಕೆ ಸಂಬಂಧಿಸಿದ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಕೆರಿಯರ್ ಬ್ರೇಕ್ ಅಂತ ಒಂದು ಸೌಲಭ್ಯ ಇದೆ, ಕೆಲಸ ಬಿಟ್ಟಿದ್ದ ಅವಧಿಯನ್ನು ಕಾರಣದ ಸಮೇತ ಪ್ರೊಫೈಲ್‌ನಲ್ಲಿ ತೋರಿಸೋಕೆ. 2022ರ ಮಾರ್ಚ್‌ನಲ್ಲಿ ಬಂದದ್ದು, ಪುಕ್ಕಟೆ. ನಾನು ಎರಡನ್ನೂ ಬಳಸಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. 2023ರ ಮಧ್ಯದಲ್ಲಿ ಅಮ್ಮನಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ 3 ಸಲ, ಒಂದೊಂದು ಸಲಕ್ಕೆ 4 ಗಂಟೆ, ಹೋಗಿ ಬರುವ ಹೊತ್ತು ಬೇರೆ. ರಜೆ ಹಾಕಿ ಸುಧಾರಿಸುವ ಮಾತೇ ಅಲ್ಲ. ಕೆಲಸ ಬಿಟ್ಟೆ. ಆಮೇಲೆ ನನ್ನ ತಮ್ಮ ಊರಿಂದ ಬಂದು ನಮ್ಮ ಜೊತೆಗೇ ಇರೋಕೆ ಶುರು ಮಾಡಿದ, ನಾನು ಅರ್ಜಿ ಹಾಕೋಕೆ ಕೂತೆ. ಅಷ್ಟರಲ್ಲಿ ಎರಡು ವರ್ಷದ ಮೇಲಾಗಿತ್ತು. ಎಲ್ಲಿ ಫೋನ್ ಮಾಡಿದರೂ ಮೊದಲ ಪ್ರಶ್ನೆ ಒಂದೇ: "ಗ್ಯಾಪ್ ಯಾಕೆ?"

ದುಡ್ಡು ಕೊಟ್ಟ ರೆಸ್ಯೂಮ್ ಸರ್ವೀಸ್ ಬಗ್ಗೆ ಮೊದಲು. ಹೆಸರು ಹೇಳುವುದಿಲ್ಲ, ಇಂಥವು ಬೇಕಾದಷ್ಟಿವೆ. ವಾಪಸ್ ಬಂದ ಪಿಡಿಎಫ್ ನೋಡೋಕೆ ಚೆನ್ನಾಗಿತ್ತು. ಎರಡು ಕಾಲಂ, ಎಡಗಡೆ ದುಂಡಗೆ ಕತ್ತರಿಸಿದ ಫೋಟೋ, ಅದರ ಕೆಳಗೆ ನೀಲಿ ಪಟ್ಟಿಗಳಲ್ಲಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) 85%, ಎಕ್ಸೆಲ್ 90%. ಯಾರು ಅಳೆದರು ಇದನ್ನ? ನಾನು ಪ್ರತಿ ತಿಂಗಳು ಜಿಎಸ್‌ಟಿಆರ್-1, 3ಬಿ ಅನ್ನೋ ಜಿಎಸ್‌ಟಿ ರಿಟರ್ನ್ ಫೈಲ್ ಮಾಡುತ್ತಿದ್ದೆ, ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡುತ್ತಿದ್ದೆ, ಆಡಿಟರ್ ಬಂದಾಗ ಪೇಪರ್ ಎಲ್ಲ ನಾನೇ ಕೊಡುತ್ತಿದ್ದೆ ಅಂತ ಉದ್ದಕ್ಕೆ ಬರೆದು ಕಳಿಸಿದ್ದೆ. ಅದರಲ್ಲಿ ಒಂದು ಸಾಲೂ ಉಳಿದಿರಲಿಲ್ಲ. ಡೈನಾಮಿಕ್, ರಿಸಲ್ಟ್ ಓರಿಯೆಂಟೆಡ್ ಅಂತ ಇತ್ತು. ಅಮ್ಮನನ್ನು ನೋಡಿಕೊಂಡ ಅವಧಿಗೆ "ಫ್ರೀಲಾನ್ಸ್ ಫೈನಾನ್ಸ್ ಕನ್ಸಲ್ಟೆಂಟ್, 2023ರಿಂದ ಇಲ್ಲಿಯವರೆಗೆ" ಅಂತ ಅವರೇ ಹಾಕಿದ್ದರು. ಹಳೆಯದೊಂದು ಚಿಕ್ಕ ಗ್ಯಾಪ್ ಇತ್ತು, ಅದನ್ನು ಮುಚ್ಚೋಕೆ ತಿಂಗಳು ತೆಗೆದು ಬರೀ ಇಸವಿ ಇಟ್ಟಿದ್ದರು. ಇದು ಸರಿಯಲ್ಲ ಅಂತ ಫೋನ್ ಮಾಡಿದರೆ, "ಎಕ್ಸ್‌ಪೀರಿಯನ್ಸ್ ಲೆಟರ್ ಬೇಕಾದ್ರೂ ಅರೇಂಜ್ ಮಾಡ್ತೀವಿ ಸಾರ್, ಅದಕ್ಕೆ ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ" ಅಂದರು. ಸುಳ್ಳು ಪತ್ರ ಕೊಡೋದು ಅಪರಾಧ. ಕೆಲಸ ಸಿಗದೆ ಕಂಗಾಲಾದವರಿಗೆ ಹೀಗೆ ಹೇಳುತ್ತಾರಲ್ಲ, ನನಗೆ ತುಂಬಾ ಸಿಟ್ಟು ಬಂತು. ಆ ರೆಸ್ಯೂಮ್ ಎಲ್ಲೂ ಕಳಿಸಲಿಲ್ಲ.

ಸರಿ ತಪ್ಪು ಒಂದು ಕಡೆ ಇರಲಿ, ಇದು ನಡೆಯೋದೂ ಇಲ್ಲ. ಪಿಎಫ್ ಇರುವ ಎಲ್ಲರಿಗೂ ಯುಎಎನ್ ನಂಬರ್ ಇದೆ, 2014ರಿಂದ. ಕಂಪನಿ ಬದಲಾದರೂ ಬದಲಾಗದ ಒಂದೇ ಪಿಎಫ್ ನಂಬರ್ ಅದು. ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒದ ಮೆಂಬರ್ ಪೋರ್ಟಲ್‌ನಲ್ಲಿ ಸರ್ವೀಸ್ ಹಿಸ್ಟರಿ ತೆಗೆದರೆ ಯಾವ ಕಂಪನಿಗೆ ಯಾವ ದಿನ ಸೇರಿದಿರಿ, ಯಾವ ದಿನ ಬಿಟ್ಟಿರಿ ಅಂತ ತಾರೀಖಿನ ಸಮೇತ ಬರುತ್ತದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಅದರ ಸ್ಕ್ರೀನ್‌ಶಾಟನ್ನೇ ಕೇಳುತ್ತಾರೆ. ರೆಸ್ಯೂಮ್‌ನಲ್ಲಿ ಒಂದು, ಅಲ್ಲಿ ಒಂದು ಇದ್ದರೆ ಆಫರ್ ಲೆಟರ್ ಬಂದ ಮೇಲೂ ಕೆಲಸ ಹೋಗುತ್ತದೆ. ಗ್ಯಾಪ್ ಇದ್ದದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ.

ಇದೇ ಜಾಗದಲ್ಲಿ ಇನ್ನೊಂದು ನೋಡಿಕೊಳ್ಳಿ. ಎಷ್ಟೋ ಕಂಪನಿಗಳು ಬಿಟ್ಟ ತಾರೀಖನ್ನು ಹಾಕಿರೋದೇ ಇಲ್ಲ. ಆಗ ನೀವು ಇನ್ನೂ ಅಲ್ಲೇ ಇದ್ದೀರಿ ಅಂತ ಕಾಣುತ್ತದೆ. ಮ್ಯಾನೇಜ್ ಮೆನುವಿನಲ್ಲಿ ಮಾರ್ಕ್ ಎಕ್ಸಿಟ್ ಅಂತ ಇದೆ. ಕೊನೆಯ ಪಿಎಫ್ ಕಂತು ಬಂದು 2 ತಿಂಗಳಾದ ಮೇಲೆ, ಆಧಾರ್ ಒಟಿಪಿ ಹಾಕಿ ನೀವೇ ಮಾಡಬಹುದು. ಹಳೇ ಎಚ್‌ಆರ್‌ಗೆ ದಮ್ಮಯ್ಯ ಗುಡ್ಡೆ ಹಾಕಬೇಕಾಗಿಲ್ಲ.

ಈಗ ಲಿಂಕ್ಡ್‌ಇನ್ ವಿಷಯ. ಪ್ರೊಫೈಲ್‌ನಲ್ಲಿ ಹೊಸ ಸೆಕ್ಷನ್ ಸೇರಿಸುವ ಕಡೆ ಕೆರಿಯರ್ ಬ್ರೇಕ್ ಸಿಗುತ್ತದೆ. ಕಾರಣಗಳ ಪಟ್ಟಿ ಕೊಡುತ್ತಾರೆ: ಮನೆಯವರ ಆರೈಕೆ, ಮಕ್ಕಳ ಪಾಲನೆ, ಆರೋಗ್ಯ, ಲೇಆಫ್, ಊರು ಬದಲಾವಣೆ, ಆಪ್ತರ ಸಾವು, ಪ್ರವಾಸ, ಹೀಗೆ ಹತ್ತಕ್ಕಿಂತ ಜಾಸ್ತಿ ಇವೆ. ಒಂದನ್ನು ಆರಿಸಿ, ತಿಂಗಳು ಇಸವಿ ಹಾಕಿ, ಕೆಳಗೆ ನಾಲ್ಕು ಸಾಲು ಬರೆಯಬೇಕು. ಅಷ್ಟೇ. ನನಗೆ ಹಿಡಿಸಿದ್ದು ಅದು ಕಾಣಿಸುವ ಜಾಗ. ಹಳೇ ಕೆಲಸಗಳ ಸಾಲಿನಲ್ಲೇ, ಅವುಗಳ ಥರಾನೇ ಬರುತ್ತದೆ. ಮನೆಯವರನ್ನು ನೋಡಿಕೊಂಡದ್ದೂ ದುಡಿಮೆಯೇ ಅಲ್ವಾ. ಅದನ್ನು ಕದ್ದುಮುಚ್ಚಿ ಇಡುವ ಗತಿ ಯಾರಿಗೂ ಬರಬಾರದು.

ನಾನು ಇಂಗ್ಲಿಷ್‌ನಲ್ಲಿ ಬರೆದದ್ದರ ಸಾರ ಇಷ್ಟು: ತಾಯಿಯ ಡಯಾಲಿಸಿಸ್‌ಗಾಗಿ ಕೆಲಸ ಬಿಟ್ಟಿದ್ದೆ, ಈಗ ಮನೆಯಲ್ಲಿ ಬೇರೆ ವ್ಯವಸ್ಥೆ ಆಗಿದೆ, ಪೂರ್ತಿ ಸಮಯ ಕೆಲಸ ಮಾಡಬಲ್ಲೆ. ಈ ಅವಧಿಯಲ್ಲಿ ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ನೋಡಿಕೊಂಡಿದ್ದೇನೆ. ಕಾಯಿಲೆಯ ಕಥೆ ಇನ್ನೂ ಉದ್ದ ಬೇಡ. ಮನೆಯಲ್ಲಿ ಬೇರೆ ವ್ಯವಸ್ಥೆ ಆಗಿದೆ ಅನ್ನೋ ಎರಡನೇ ಮಾತು ಮಾತ್ರ ಬಿಡಲೇಬೇಡಿ. ಸೇರಿದ ಮೂರನೇ ತಿಂಗಳಿಗೆ ಮತ್ತೆ ಬಿಟ್ಟು ಹೋಗುತ್ತಾನಾ ಅನ್ನೋದು ಕೆಲಸ ಕೊಡುವವರ ತಲೆಯಲ್ಲಿ ಇದ್ದೇ ಇರುತ್ತದೆ. ಅಂಗಡಿ ಕೆಲಸ ಚಿಕ್ಕದು ನಿಜ, ಆದರೆ ನಾನು ಮಾಡಿದ ಕೆಲಸ. ಅಂಗಡಿಯವರಿಗೆ ಫೋನ್ ಮಾಡಿ ಕೇಳಿದರೆ ಹೌದು ಅನ್ನುತ್ತಾರೆ. ಆ ಕನ್ಸಲ್ಟೆಂಟ್ ಅನ್ನೋ ಬಿರುದಿಗೆ ಯಾರು ಹೌದು ಅನ್ನುತ್ತಾರೆ?

ಆದರೆ ಲಿಂಕ್ಡ್‌ಇನ್ ಇಷ್ಟೇ ಮಾಡುತ್ತದೆ. ಗ್ಯಾಪ್ ಯಾಕೆ ಅನ್ನೋದಕ್ಕೆ ಉತ್ತರ ಕೊಡುತ್ತದೆ. ಅದರ ಹಿಂದಿರುವ ನಿಜವಾದ ಪ್ರಶ್ನೆ ಬೇರೆ: ಇವನಿಗೆ ಈಗಿನ ಕೆಲಸ ಗೊತ್ತಾ? ಅಕೌಂಟ್ಸ್‌ನಲ್ಲಿ ಎರಡು ವರ್ಷ ಅಂದರೆ ಎಷ್ಟು ಬದಲಾಗುತ್ತೆ ನೋಡಿ. 2023ರ ಆಗಸ್ಟ್‌ನಿಂದ ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರಕಾರಿ ಪೋರ್ಟಲ್‌ನಲ್ಲಿ ದಾಖಲಿಸೋದು, ಕಡ್ಡಾಯವಾಯಿತು. 2025ರ ಏಪ್ರಿಲ್‌ನಿಂದ 10 ಕೋಟಿ ಮತ್ತು ಅದಕ್ಕಿಂತ ಮೇಲಿನವರು ಇನ್‌ವಾಯ್ಸನ್ನು 30 ದಿನದೊಳಗೆ ಪೋರ್ಟಲ್‌ಗೆ ಹಾಕಲೇಬೇಕು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳೇ ಬದಲಾದವು, 12% ಮತ್ತು 28%ರಲ್ಲಿದ್ದ ಬಹುಪಾಲು ಸರಕು 5%, 18%ಕ್ಕೆ ಬಂತು. ನಾನು ಆಸ್ಪತ್ರೆಯಲ್ಲಿ ಕಾಯುತ್ತಾ ಕೂತಾಗ ಇದನ್ನೆಲ್ಲ ಫೋನಿನಲ್ಲಿ ಓದುತ್ತಿದ್ದೆ, ಅದು ಕೈ ಹಿಡಿಯಿತು.

ಈಗಿರುವ ಕಂಪನಿಯ ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಅಮ್ಮ ಹೇಗಿದ್ದಾರೆ ಅಂತ ಒಂದು ಮಾತು ಕೇಳಿ, ನೇರ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಕ್ರೆಡಿಟರ್ಸ್ ಲಿಸ್ಟ್, ಅಂದರೆ ಕಂಪನಿ ದುಡ್ಡು ಕೊಡಬೇಕಾದವರ ಪಟ್ಟಿ, ತೆರೆದಿತ್ತು. "ಮಾರ್ಚ್ ಒಳಗೆ ಯಾರಿಗೆ ಮೊದಲು ಪೇಮೆಂಟ್ ಮಾಡ್ತೀರಾ ಹೇಳಿ" ಅಂದರು. "ಸಾರ್, ಇದರಲ್ಲಿ ಉದ್ಯಮ್ ನೋಂದಣಿ ಇರೋ ಮೈಕ್ರೋ, ಸ್ಮಾಲ್ ತಯಾರಕರು ಯಾರು ಅಂತ ಮೊದಲು ಗುರುತು ಹಾಕಬೇಕು" ಅಂದೆ. ಉದ್ಯಮ್ ಅಂದರೆ ಚಿಕ್ಕ ಉದ್ಯಮಗಳ ಸರಕಾರಿ ನೋಂದಣಿ. ಅವರಿಗೆ ದುಡ್ಡು ಕೊಡೋಕೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಆ ಗಡುವು ಮೀರಿ, ವರ್ಷ ಮುಗಿದರೂ ಬಾಕಿ ಉಳಿದರೆ ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯೋಕೆ ಆಗೋದಿಲ್ಲ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಸೆಕ್ಷನ್ 43ಬಿ(ಎಚ್). 2023-24ರ ಹಣಕಾಸು ವರ್ಷದಿಂದ ಬಂದ ನಿಯಮ, ಅಂದರೆ ಅದರ ಬಿಸಿ ತಟ್ಟೋ ಹೊತ್ತಿಗೆ ನಾನು ಮನೆಯಲ್ಲಿದ್ದೆ. ಅದಾದ ಮೇಲೆ ಗ್ಯಾಪ್ ಬಗ್ಗೆ ಅವರು ಕೇಳಲೇ ಇಲ್ಲ. ಮಾತು ಸಂಬಳಕ್ಕೆ ಹೋಯಿತು. ನಿಮ್ಮ ಕೆಲಸ ಯಾವುದೇ ಇರಲಿ, ನೀವು ಇಲ್ಲದಾಗ ಅದರಲ್ಲಿ ಏನು ಬದಲಾಯಿತು ಅಂತ ಒಂದು ಪುಟ ಬರೆದಿಟ್ಟುಕೊಳ್ಳಿ.

ಕೆರಿಯರ್ ಬ್ರೇಕ್‌ಗೆ ನಾನು ಕೊಡೋದು ಐದಕ್ಕೆ ನಾಲ್ಕು. ಒಂದು ಯಾಕೆ ಕಡಿಮೆ ಅಂದರೆ, ನೀವು ಆರಿಸಿದ ಕಾರಣವೇ ತಲೆಬರಹವಾಗಿ ಕಾಣುತ್ತದೆ. ಸ್ವಂತ ಕಾಯಿಲೆಗೋ, ಮನಸ್ಸಿನ ನೋವಿಗೋ ಬಿಡುವು ತೆಗೆದುಕೊಂಡವರಿಗೆ ಅದನ್ನು ಊರಿಗೆಲ್ಲ ತೋರಿಸೋಕೆ ಇಷ್ಟ ಇರೋದಿಲ್ಲ. ಅವರು ಇದನ್ನು ತುಂಬಲೇಬೇಕಾಗಿಲ್ಲ. ರೆಸ್ಯೂಮ್‌ನಲ್ಲಿ "ವೈಯಕ್ತಿಕ ಕಾರಣಕ್ಕೆ ಬಿಡುವು, ಈಗ ಪೂರ್ತಿ ಸಮಯಕ್ಕೆ ಲಭ್ಯ" ಅಂತ ಒಂದು ಸಾಲು ತಾರೀಖಿನ ಸಮೇತ ಸಾಕು. ಅದೂ ನಿಜವೇ. ಹೆರಿಗೆ, ಮಕ್ಕಳು ಅಂತ ಬಿಟ್ಟ ಹೆಣ್ಣುಮಕ್ಕಳು ಬೆಂಗಳೂರಿನದ್ದೇ ಆದ ಹರ್‌ಕೀ ಅನ್ನೋ ಉದ್ಯೋಗ ಜಾಲತಾಣ ನೋಡಬಹುದು, ಮೊದಲು ಜಾಬ್ಸ್‌ಫಾರ್‌ಹರ್ ಅಂತಿತ್ತು. ಮತ್ತೆ ಕೆಲಸಕ್ಕೆ ಬರುವ ಮಹಿಳೆಯರಿಗಾಗಿಯೇ 2015ರಲ್ಲಿ ಶುರುವಾದದ್ದು.

ಇನ್ನು ಪೀಣ್ಯ, ಬೊಮ್ಮಸಂದ್ರದ ಚಿಕ್ಕ ಫ್ಯಾಕ್ಟರಿಗಳಲ್ಲಿ ಲಿಂಕ್ಡ್‌ಇನ್ ನೋಡೋರು ಕಡಿಮೆ. ಅಲ್ಲಿ ವಾಟ್ಸ್ಆ್ಯಪ್‌ನಲ್ಲೇ ಎಲ್ಲ. ಅದಕ್ಕೆ ಲಿಂಕ್ಡ್‌ಇನ್‌ನಲ್ಲಿ ಬರೆದ ಆ ನಾಲ್ಕು ಸಾಲನ್ನು ಹಾಗೇ ಎತ್ತಿ ರೆಸ್ಯೂಮ್‌ಗೂ ಹಾಕಿ. ಒಂದೇ ಕಾಲಂ, ಫೋಟೋ ಬೇಡ, 85%, 90% ಅನ್ನೋ ನೀಲಿ ಪಟ್ಟಿ ಬೇಡ. ಫೈಲಿಗೆ ನಿಮ್ಮ ಹೆಸರು ಮತ್ತು ಕೆಲಸದ ಹೆಸರು ಇಡಿ, ಹತ್ತಾರು ಪಿಡಿಎಫ್ ಬಂದಿರೋ ಫೋನಿನಲ್ಲಿ ನಿಮ್ಮದು ಹುಡುಕಿದರೆ ಸಿಗಬೇಕು.