ಗೀಗರ್ ಮೀಟರ್: ವಿಜಯಪುರದ ಕಲ್ಲಿನಿಂದ ಉಳ್ಳಾಲದ ಮರಳಿನವರೆಗೆ

ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ವಿಕಿರಣ ಅಳೆಯುವ ಈ ಗೀಗರ್ ಮೀಟರನ್ನು ಕಳೆದ ವರ್ಷ ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಕರಾವಳಿಯ ಮರಳಿನಲ್ಲಿ ಕೆಲವೆಡೆ ಸಹಜ ವಿಕಿರಣ ಹೆಚ್ಚೆಂದು ಪಾಠದಲ್ಲಿ ಹೇಳಿದಾಗ, ‘ನಮ್ಮೂರ ಮಣ್ಣಾಗ ಎಷ್ಟೈತ್ರಿ ಸರ್?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯೇ ಅದಕ್ಕೆ ಕಾರಣ.

ಮೊದಲ ದಿನ ಅಂಕಿ ನಿಮಿಷ ನಿಮಿಷಕ್ಕೂ ಏರಿಳಿಯುವುದನ್ನು ಕಂಡು ಮೀಟರ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ನಿಮಿಷಕ್ಕೆ 20 ಎಣಿಕೆ (ಮೀಟರ್ ಗುರುತಿಸಿದ ವಿಕಿರಣದ ಲೆಕ್ಕ) ಬರುವಲ್ಲಿ ನಾಲ್ಕೈದು ಹೆಚ್ಚುಕಡಿಮೆಯಾಗುವುದು ಸಹಜ. ಹತ್ತು ನಿಮಿಷ ಕಾದು 200 ಎಣಿಕೆ ಕೂಡಿಸಿದರೆ ಅನಿಶ್ಚಿತತೆ ಶೇ 22ರಿಂದ ಶೇ 7ಕ್ಕೆ ಇಳಿಯುತ್ತದೆ. ಇಷ್ಟು ಮುಖ್ಯವಾದ ಮಾತು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲದಿರುವುದು ದೊಡ್ಡ ಕೊರತೆ.

ತಾಳ್ಮೆಯಿಂದ ಅಳೆದರೆ ಮಾತ್ರ ಇದು ಊರೂರಿನ ಕಲ್ಲಿನ ಗುಣವನ್ನೇ ತೋರಿಸುತ್ತದೆ. ವಿಜಯಪುರದ ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ ಗಂಟೆಗೆ 0.1 ಮೈಕ್ರೋಸೀವರ್ಟ್‌ಗಿಂತ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಕಡಿಮೆ ಬಂದರೆ, ಇಳಕಲ್‌ನಲ್ಲಿ ಅಕ್ಕನ ಮನೆಯ ಕೆಂಪು ಗ್ರಾನೈಟ್ ಮೆಟ್ಟಿಲ ಮೇಲೆ ಅದರ ಎರಡರಷ್ಟು ಬಂತು. ಗ್ರಾನೈಟ್‌ನಲ್ಲಿ ವಿಕಿರಣ ಸೂಸುವ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಸಾಮಾನ್ಯವಾಗಿ ಹೆಚ್ಚು.

ರಜೆಯಲ್ಲಿ ಉಳ್ಳಾಲಕ್ಕೆ ಹೋದಾಗ, ಅಲೆ ಹಿಂದೆ ಸರಿದ ಜಾಗದಲ್ಲಿ ಕಾಡಿಗೆ ತೀಡಿದಂತೆ ಉಳಿದಿದ್ದ ಕಪ್ಪು ಮರಳಿನ ಗೆರೆಯ ಮೇಲೆ ಮೀಟರ್ ಹಿಡಿದೆ. ಟಿಕ್ ಟಿಕ್ ಸದ್ದು ದಟ್ಟವಾಗಿ, ಅಂಕಿ 0.5 ದಾಟಿ, ಅಲಾರಂ ಕೂಗಿತು. ಎರಡು ಹೆಜ್ಜೆ ಆಚೆಯ ಬಿಳಿ ಮರಳಿನಲ್ಲಿ ಸದ್ದು ಮತ್ತೆ ವಿರಳವಾಯಿತು. ಆ ಕಪ್ಪು ಬಣ್ಣ ಹೆಚ್ಚಾಗಿ ಇಲ್ಮನೈಟ್ ಎಂಬ ಖನಿಜದ್ದು. ವಿಕಿರಣ ಮಾತ್ರ ಅದರೊಡನೆ ಬೆರೆತ ಹಳದಿಗಂದು ಮೊನಜೈಟ್ ಖನಿಜದ ಕಣಗಳಲ್ಲಿರುವ ಥೋರಿಯಂನದು. ಬಂಡೆಗಳಿಂದ ಸವೆದು ನದಿಗಳ ಮೂಲಕ ಕಡಲಿಗೆ ಬರುವ ಈ ಭಾರದ ಕಣಗಳನ್ನು ಉಳಿಸಿ, ಹಗುರ ಮರಳನ್ನು ಅಲೆಗಳು ಒಯ್ಯುತ್ತವೆ.

ಆದರೆ ಆ ಅಲಾರಂ ಜನರನ್ನು ಸುಮ್ಮನೆ ಹೆದರಿಸುತ್ತದೆ. ಅಲ್ಲಿ ಒಂದು ಗಂಟೆ ನಿಂತರೆ ಸಿಗುವುದು ಸುಮಾರು ಅರ್ಧ ಮೈಕ್ರೋಸೀವರ್ಟ್. ಸಹಜ ಮೂಲಗಳಿಂದ ಮನುಷ್ಯನಿಗೆ ತಗಲುವ ಜಾಗತಿಕ ಸರಾಸರಿಯೇ ವರ್ಷಕ್ಕೆ 2.4 ಮಿಲಿಸೀವರ್ಟ್, ಅಂದರೆ 2400 ಮೈಕ್ರೋಸೀವರ್ಟ್. ಕೇರಳದ ಕರುನಾಗಪಳ್ಳಿಯಲ್ಲಿ ಇಂಥ ಮರಳಿನ ಮೇಲೆಯೇ ಜನ ತಲೆಮಾರುಗಳಿಂದ ಬದುಕಿದ್ದಾರೆ. ಅಲ್ಲಿನ ಸುಮಾರು 70,000 ಜನರನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಈ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ.

ಕೊಳ್ಳುವವರು ತಿಳಿದಿರಬೇಕಾದ ಮಿತಿಗಳಿವೆ. ಮರಳಿಗೆ ತಾಗಿಸಿದರೆ ಹೆಚ್ಚು ದೂರ ಸಾಗದ ಬೀಟಾ ವಿಕಿರಣದ ಕಣಗಳೂ ಎಣಿಕೆಗೆ ಸೇರಿ ಅಂಕಿ ಉಬ್ಬುತ್ತದೆ, ಆದ್ದರಿಂದ ಒಂದು ಮೀಟರ್ ಎತ್ತರದಲ್ಲಿಯೂ ಅಳೆಯಬೇಕು. ಮೇಲೆ ಹೇಳಿದ ಜಾಗತಿಕ ಸರಾಸರಿಯ ಸುಮಾರು ಅರ್ಧದಷ್ಟಕ್ಕೆ ಕಾರಣವಾದ, ನಾವು ಉಸಿರಾಡುವ ರೇಡಾನ್ ಅನಿಲದ ಪ್ರಮಾಣವನ್ನು ಇದು ಹೇಳಲಾರದು. ಬ್ಯಾಟರಿಯ ಮುಚ್ಚಳ ಮೂರೇ ತಿಂಗಳಲ್ಲಿ ಸಡಿಲವಾಯಿತು. ಈಗ ರಬ್ಬರ್ ಬ್ಯಾಂಡ್ ಹಾಕಿ, ಪ್ರತಿ ಶನಿವಾರ ಮಕ್ಕಳ ಕೈಗೆ ಕೊಡುತ್ತೇನೆ.