ಬಿಲ್ಡ್ ಬಿದ್ದಾಗ ತಪ್ಪಿನ ಜಾಗ ಯಾವುದು ಬೇಗ ತೋರಿಸುತ್ತೆ: ಬ್ಯಾಷ್, ಮೇಕ್, ನಿಂಜಾ

ಒಂದೇ ಪ್ರಾಜೆಕ್ಟನ್ನ ಮೂರು ಥರ ಬಿಲ್ಡ್ ಮಾಡಿ (ಅಂದ್ರೆ ಕೋಡನ್ನ ಓಡೋ ಪ್ರೋಗ್ರಾಂ ಆಗಿ ತಯಾರು ಮಾಡಿ) ನೋಡಿದೀನಿ. ಮೊದಲು ಬರೀ ಬ್ಯಾಷ್ ಸ್ಕ್ರಿಪ್ಟು (ಒಂದಾದ ಮೇಲೊಂದು ಓಡೋ ಕಮಾಂಡ್‌ಗಳ ಪಟ್ಟಿ), ಆಮೇಲೆ ಮೇಕ್ (ಯಾವ ಫೈಲು ಯಾವುದರಿಂದ ಆಗ್ಬೇಕು ಅಂತ ಬರೆದುಕೊಟ್ರೆ ಬೇಕಾದ್ದನ್ನಷ್ಟೇ ಬಿಲ್ಡ್ ಮಾಡೋ ಟೂಲು), ಈಗ ಸಿಮೇಕ್ ಜೊತೆ ನಿಂಜಾ (ಮೇಕ್ ಥರದ್ದೇ ಟೂಲು, ಅದರ ಫೈಲನ್ನ ಸಿಮೇಕ್ ಬರೆದುಕೊಡುತ್ತೆ). ಕೋಡು ಸಿ ಮತ್ತೆ ಸಿ ಪ್ಲಸ್ ಪ್ಲಸ್‌ದು, ಜೊತೆಗೆ ಪೈಥಾನ್ ಸ್ಕ್ರಿಪ್ಟಿಂದ ಜನರೇಟ್ ಆಗೋ ಒಂದಿಷ್ಟು ಹೆಡರ್ ಫೈಲುಗಳಿವೆ (ಬೇರೆ ಕೋಡ್ ಫೈಲುಗಳು ತಮ್ಮೊಳಗೆ ಸೇರಿಸಿಕೊಳ್ಳೋ ಫೈಲುಗಳು). ಸ್ಪೀಡ್ ವಿಷಯ ಇಲ್ಲಿ ಎತ್ತಲ್ಲ. ರಾತ್ರಿ ತಾನಾಗೇ ಓಡೋ ಬಿಲ್ಡು ಬೆಳಗ್ಗೆ ನೋಡಿದ್ರೆ ಕೆಂಪಾಗಿದೆ (ಅಂದ್ರೆ ಬಿದ್ದಿದೆ), ಕೈಯಲ್ಲಿರೋದು ಓಡಿದ್ದರ ದಾಖಲೆಯಾದ ಲಾಗ್ ಒಂದೇ, ಆಗ ತಪ್ಪು ಎಲ್ಲಿದೆ ಅಂತ ಎಷ್ಟು ಬೇಗ ಸಿಗುತ್ತೆ ಅನ್ನೋದಷ್ಟೇ ನನ್ನ ಲೆಕ್ಕ.

ಬ್ಯಾಷ್‌ದು ದೊಡ್ಡ ತೊಂದರೆ ಅಂದ್ರೆ ಅದು ನಿಲ್ಲಲ್ಲ. ಒಂದು ಕಮಾಂಡ್ ಫೇಲ್ ಆದ್ರೂ ಮುಂದಿನ ಲೈನಿಗೆ ಹೋಗ್ತಾನೇ ಇರುತ್ತೆ, ಹಾಗಾಗಿ ಲಾಗಿನ ಕೊನೇಲಿ ಕಾಣೋ ಎರರ್ರು ಬೇರೆ, ನಿಜವಾದ್ದು ನೂರಾರು ಲೈನ್ ಮೇಲೆ. ಒಂದು ಕಮಾಂಡ್ ಫೇಲ್ ಆದ್ರೆ ಅಲ್ಲೇ ನಿಲ್ಲಿಸೋ ‘ಸೆಟ್ ಮೈನಸ್ ಇ’ ಹಾಕಿದ್ರೆ ಸಾಕು ಅಂತ ನಾನೂ ನಂಬಿದ್ದೆ. ಆದ್ರೆ ನಮ್ಮ ಸ್ಕ್ರಿಪ್ಟಲ್ಲಿ ಕಂಪೈಲರ್ ಔಟ್‌ಪುಟ್‌ನ ಪೈಪ್ ಮಾಡಿ (ಒಂದರ ಔಟ್‌ಪುಟ್ ನೇರ ಇನ್ನೊಂದಕ್ಕೆ ಹೋಗೋ ಹಾಗೆ) ‘ಟೀ’ ಕಮಾಂಡಿಗೆ ಕೊಟ್ಟಿದ್ವಿ, ಲಾಗ್ ಫೈಲಿಗೂ ಹೋಗ್ಲಿ ಸ್ಕ್ರೀನಿಗೂ ಬರ್ಲಿ ಅಂತ. ಪೈಪಲ್ಲಿ ಕೊನೇ ಕಮಾಂಡಿನ ಎಕ್ಸಿಟ್ ಕೋಡ್ (ಸೊನ್ನೆ ಅಂದ್ರೆ ಪಾಸ್, ಬೇರೆ ಅಂದ್ರೆ ಫೇಲ್) ಮಾತ್ರ ಲೆಕ್ಕಕ್ಕೆ ಬರೋದು, ಕಂಪೈಲರ್ ಫೇಲ್ ಆದ್ರೂ ಟೀ ಸೊನ್ನೆ ಕೊಡ್ತು, ಬಿಲ್ಡ್ ಹಸಿರು. ಫೋಲ್ಡರಲ್ಲಿದ್ದ ಹಳೇ ಬೈನರಿನೇ (ಕಂಪೈಲ್ ಆಗಿ ಬಂದ ಪ್ರೋಗ್ರಾಂ ಫೈಲು) ಪ್ಯಾಕ್ ಆಗಿ ಹೋಯ್ತು, ಎರಡು ದಿನ ನಾವು ಅದನ್ನೇ ಟೆಸ್ಟ್ ಮಾಡ್ಕೊಂಡು ‘ಫಿಕ್ಸ್ ಕೆಲಸ ಮಾಡ್ತಿಲ್ಲ’ ಅಂತ ಕೋಡನ್ನ ಮತ್ತೆ ಮತ್ತೆ ಓದ್ತಾ ಕೂತಿದ್ವಿ. ಕೊನೆಗೆ ಬೈನರಿಯ ಟೈಮ್‌ಸ್ಟ್ಯಾಂಪ್ ಹಿಂದಿನ ವಾರದ್ದು ಅಂತ ಕಣ್ಣಿಗೆ ಬಿತ್ತು. ಪೈಪಲ್ಲಿ ಯಾವುದೇ ಕಮಾಂಡ್ ಬಿದ್ರೂ ಫೇಲ್ ಅಂತ ಲೆಕ್ಕ ಹಾಕೋ ‘ಪೈಪ್‌ಫೇಲ್’ ಆಪ್ಶನ್ ಸೇರಿಸಿದ ಮೇಲೆ ಇದು ನಿಂತಿತು.

ಇನ್ನೊಂದಿದೆ, ಇದು ಬಹಳ ಜನಕ್ಕೆ ಗೊತ್ತಿರಲ್ಲ. ಒಂದು ಫಂಕ್ಷನ್ನನ್ನ ‘ಇಫ್’ ಕಂಡಿಶನ್ ಒಳಗೆ ಕರೆದ್ರೆ ಆ ಇಡೀ ಫಂಕ್ಷನ್ ಒಳಗೆ ಮೈನಸ್ ಇ ಲೆಕ್ಕಕ್ಕೇ ಇಲ್ಲ. ಹಾಗೇ ವೇರಿಯಬಲ್ ಫಂಕ್ಷನ್ ಒಳಗಷ್ಟೇ ಇರ್ಲಿ ಅಂತ ‘ಲೋಕಲ್’ ಅಂತ ಬರೆದು ಅದೇ ಲೈನಲ್ಲಿ ಕಮಾಂಡಿನ ಔಟ್‌ಪುಟ್ ಅಸೈನ್ ಮಾಡಿದ್ರೂ ಫೇಲ್ ಆಗಿದ್ದು ಮುಚ್ಚಿಹೋಗುತ್ತೆ. ಎರಡನೇದನ್ನ ಶೆಲ್‌ಚೆಕ್ (ಸ್ಕ್ರಿಪ್ಟಲ್ಲಿ ತಪ್ಪು ಹುಡುಕೋ ಟೂಲು) ಹಿಡಿದು ಹೇಳುತ್ತೆ, ಅದನ್ನ ಓಡಿಸಿ ನೋಡದೆ ಯಾವ ಬ್ಯಾಷ್ ಸ್ಕ್ರಿಪ್ಟನ್ನೂ ಪ್ರಾಜೆಕ್ಟಿಗೆ ಸೇರಿಸೋದನ್ನ ನಾನು ಬಿಟ್ಟೇಬಿಟ್ಟಿದೀನಿ.

ಒಳ್ಳೇದೂ ಇದೆ. ‘ಸೆಟ್ ಮೈನಸ್ ಎಕ್ಸ್’ ಹಾಕಿ, ಪಿಎಸ್4 ವೇರಿಯಬಲ್ಲಲ್ಲಿ (ಪ್ರತಿ ಕಮಾಂಡಿನ ಮುಂದೆ ಲಾಗಲ್ಲಿ ಬರೋ ಗುರುತು) ಫೈಲ್ ಹೆಸರು ಮತ್ತೆ ಲೈನ್ ನಂಬರ್ ಬರೋ ಹಾಗೆ ಮಾಡಿಟ್ರೆ ಓಡಿದ ಪ್ರತಿ ಕಮಾಂಡು ವೇರಿಯಬಲ್‌ಗಳ ಬೆಲೆ ಸಮೇತ ಕಾಣುತ್ತೆ, ಇಷ್ಟು ಬಿಚ್ಚಿ ತೋರಿಸೋದು ಬೇರೆ ಯಾವುದ್ರಲ್ಲೂ ನಂಗೆ ಸಿಕ್ಕಿಲ್ಲ. ಪಾಸ್‌ವರ್ಡು, ಟೋಕನ್ನು ಕೂಡ ಲಾಗಿಗೆ ಬಂದುಬಿಡುತ್ತೆ ಅನ್ನೋದು ಮಾತ್ರ ನೆನಪಿರಲಿ.

ಮೇಕ್ 1976ರದ್ದು, ಬೆಲ್ ಲ್ಯಾಬ್ಸಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದಿದ್ದು, ಇವತ್ತಿಗೂ ಚೆನ್ನಾಗಿ ನಡೀತಿದೆ. ರೆಸಿಪಿ (ಒಂದು ಫೈಲನ್ನ ತಯಾರು ಮಾಡೋ ಕಮಾಂಡ್‌ಗಳು) ಫೇಲ್ ಆದ್ರೆ ನಿಲ್ಲುತ್ತೆ, ಯಾವ ಮೇಕ್‌ಫೈಲು, ಎಷ್ಟನೇ ಲೈನು, ಯಾವ ಟಾರ್ಗೆಟ್ಟು (ತಯಾರಾಗ್ಬೇಕಿದ್ದ ಫೈಲು) ಅಂತ ಮೂರು ನಕ್ಷತ್ರ ಹಾಕಿ ಹೇಳುತ್ತೆ. ಲಾಗಲ್ಲಿ ‘ಎರರ್’ ಅಂತ ಹುಡುಕ್ಬೇಡಿ, ಆ ಹೆಸರಿನ ಫೈಲುಗಳೆಲ್ಲ ಸಿಗುತ್ತೆ, ಮೂರು ನಕ್ಷತ್ರ ಹುಡುಕಿ. ಟ್ಯಾಬ್ ಬದಲು ಸ್ಪೇಸ್ ಹಾಕಿದ್ರೆ ‘ಮಿಸ್ಸಿಂಗ್ ಸೆಪರೇಟರ್’ ಬರೋದು, ಪ್ರತಿ ಲೈನಿಗೂ ಬೇರೆ ಶೆಲ್ ಆದ್ದರಿಂದ ಮೇಲಿನ ಲೈನಲ್ಲಿ ಮಾಡಿದ ‘ಸಿಡಿ’ (ಫೋಲ್ಡರ್ ಬದಲಿಸೋ ಕಮಾಂಡು) ಕೆಳಗಿನ ಲೈನಿಗೆ ಇಲ್ಲದಿರೋದು, ಇವೆಲ್ಲ ಒಂದು ವಾರದಲ್ಲಿ ಅಭ್ಯಾಸ ಆಗುತ್ತೆ.

ಅಭ್ಯಾಸ ಆಗದೇ ಇರೋದು ಪ್ಯಾರಲಲ್ ಬಿಲ್ಡು. ‘ಮೈನಸ್ ಜೆ 8’ (ಎಂಟು ಕೆಲಸ ಒಟ್ಟಿಗೆ ಮಾಡು ಅಂತ) ಕೊಟ್ಟಾಗ ಕೆಲವು ದಿನ ಮಾತ್ರ ‘ವರ್ಷನ್ ಹೆಡರ್ ಇಲ್ಲ’ ಅಂತ ಬಿಲ್ಡ್ ಬೀಳೋದು, ಮತ್ತೆ ಓಡಿಸಿದ್ರೆ ಪಾಸ್. ಮಶೀನ್ ಸಮಸ್ಯೆ ಅಂತ ಎಲ್ರೂ ರೀಟ್ರೈ ಒತ್ತಿ ಮುಂದೆ ಹೋಗ್ತಿದ್ರು. ಆ ಹೆಡರು ಪೈಥಾನಿಂದ ಜನರೇಟ್ ಆಗೋದು, ಅದನ್ನ ಬಳಸೋ ಒಂದು ಆಬ್ಜೆಕ್ಟ್ ಫೈಲಿಗೆ (ಒಂದು ಕೋಡ್ ಫೈಲು ಕಂಪೈಲ್ ಆಗಿ ಬರೋದು) ಡಿಪೆಂಡೆನ್ಸಿ, ಅಂದ್ರೆ ಹೆಡರ್ ಆದ ಮೇಲೇ ಇದು ಅನ್ನೋದು, ಬರೆದೇ ಇರ್ಲಿಲ್ಲ, ಯಾರು ಮೊದಲು ಮುಗಿಸ್ತಾರೋ ಅದರ ಮೇಲೆ ನಿಂತಿತ್ತು. 2022ರ ಗ್ನೂ ಮೇಕ್ 4.4ರಲ್ಲಿ ಬಂದ ‘ಶಫಲ್’ ಆಪ್ಶನ್ನು ಕೆಲಸಗಳ ಕ್ರಮನ ಬೇಕಂತಲೇ ಕಲಸುತ್ತೆ, ಅದನ್ನ ಹಾಕಿ ನಾಲ್ಕೈದು ಸಲ ಓಡಿಸಿದಾಗ ಪ್ರತೀ ಸಲ ಬೀಳೋಕೆ ಶುರುವಾಯ್ತು, ಹತ್ತು ನಿಮಿಷದಲ್ಲಿ ಜಾಗ ಸಿಕ್ತು. ಫೇಲ್ ಆದ ರೆಸಿಪಿಯ ಫೈಲನ್ನ ಅಳಿಸೋ ‘ಡಿಲೀಟ್ ಆನ್ ಎರರ್’ ಕೂಡ ಮೇಕ್‌ಫೈಲಲ್ಲಿ ಇರ್ಲೇಬೇಕು, ಇಲ್ಲಾಂದ್ರೆ ಅರ್ಧ ಬರೆದು ಬಿಟ್ಟ ಹೆಡರನ್ನ ಮುಂದಿನ ಸಲ ಮೇಕ್ ಹೊಸದು ಅಂದ್ಕೊಂಡು ಹಾಗೇ ಬಳಸುತ್ತೆ, ಎರರ್ರು ಸಂಬಂಧವೇ ಇಲ್ಲದ ಫೈಲಲ್ಲಿ ಬರುತ್ತೆ.

ನಿಂಜಾದಲ್ಲಿ ನಂಗೆ ಇಷ್ಟ ಆಗಿದ್ದು ಅದರ ಲಾಗು. ಎಂಟು ಕೆಲಸ ಒಟ್ಟಿಗೆ ನಡೀತಿದ್ರೂ ಒಂದರ ಔಟ್‌ಪುಟ್ ಇನ್ನೊಂದರ ಮಧ್ಯೆ ನುಗ್ಗಲ್ಲ, ಫೇಲ್ ಆಗಿದ್ದಕ್ಕೆ ‘ಫೇಲ್ಡ್’ ಅಂತ ಬರೆದು ಕೆಳಗೇ ಪೂರ್ತಿ ಕಮಾಂಡ್ ಕೊಡುತ್ತೆ, ಅದನ್ನ ಕಾಪಿ ಮಾಡಿ ಬಿಲ್ಡ್ ಫೋಲ್ಡರಲ್ಲಿ ಪೇಸ್ಟ್ ಮಾಡಿದ್ರೆ ಅದೇ ಎರರ್ರು ಒಂಟಿಯಾಗಿ ಕೈಗೆ ಸಿಗುತ್ತೆ. (ಮೇಕಲ್ಲೂ 4.0ರಿಂದ ‘ಔಟ್‌ಪುಟ್ ಸಿಂಕ್’ ಇದೆ, ಆದ್ರೆ ಕೇಳಿ ಹಾಕ್ಕೋಬೇಕು.) ‘ಮೈನಸ್ ಡಿ ಎಕ್ಸ್‌ಪ್ಲೇನ್’ ಕೊಟ್ರೆ ಯಾವ ಫೈಲ್ ಯಾಕೆ ಮತ್ತೆ ಕಂಪೈಲ್ ಆಗ್ತಿದೆ ಅಂತ ಕಾರಣನೂ ಹೇಳುತ್ತೆ. ಕಂಪೈಲರ್ ಫ್ಲಾಗ್ (ಕಂಪೈಲರಿಗೆ ಕೊಡೋ ಆಪ್ಶನ್) ಬದಲಾದ್ರೂ ನಿಂಜಾ ಗುರುತಿಸಿ ಮತ್ತೆ ಬಿಲ್ಡ್ ಮಾಡುತ್ತೆ, ಮೇಕ್ ಬರೀ ಟೈಮ್‌ಸ್ಟ್ಯಾಂಪ್ ನೋಡೋದ್ರಿಂದ ಅದಕ್ಕೆ ಗೊತ್ತಾಗಲ್ಲ.

ಆದ್ರೆ ನಿಂಜಾ ಫೈಲನ್ನ ಸಿಮೇಕ್ ಬರೆಯೋದು, ತಪ್ಪು ಸಿಮೇಕ್ ಹಂತದಲ್ಲೇ ಆಗಿದ್ರೆ ನಿಂಜಾ ಏನೂ ಸಹಾಯ ಮಾಡಲ್ಲ. ಸಿಮೇಕ್ ತಾನು ಹುಡುಕಿದ್ದನ್ನ ಬರೆದಿಟ್ಟುಕೊಳ್ಳೋ ಹಳೇ ಕ್ಯಾಶ್ ಫೈಲಲ್ಲಿ ಹಳೇ ಲೈಬ್ರರಿ ಪಾತ್ ಉಳ್ಕೊಂಡಿದ್ದು ನಮ್ಮನ್ನ ಒಂದು ಮಧ್ಯಾಹ್ನ ಪೂರ್ತಿ ಸುತ್ತಾಡಿಸ್ತು, ಸಿಮೇಕ್ 3.24ರಿಂದ ಹಳೇ ಕ್ಯಾಶ್ ಬಿಟ್ಟು ಹೊಸದಾಗಿ ಶುರುಮಾಡೋ ‘ಫ್ರೆಶ್’ ಆಪ್ಶನ್ ಇದೆ, ಈಗ ರಾತ್ರಿ ಬಿಲ್ಡಲ್ಲಿ ಅದನ್ನ ಕಾಯಂ ಮಾಡಿದೀನಿ.

ಮೂರರಲ್ಲೂ ಒಂದೇ ಥರ ಕಾಡೋದು ಎಕ್ಸಿಟ್ ಕೋಡ್ 137. ಕಂಪೈಲರ್ ಏನೂ ಹೇಳದೆ ಸತ್ತಿರುತ್ತೆ. 128ಕ್ಕೆ ಸಿಗ್ನಲ್ 9 (ಪ್ರೋಗ್ರಾಮನ್ನ ಅಲ್ಲೇ ಕೊಲ್ಲೋ ಸೂಚನೆ) ಸೇರಿ ಬರೋ ಸಂಖ್ಯೆ ಅದು, ಅಂದ್ರೆ ಹೊರಗಿಂದ ಯಾರೋ ಕೊಂದಿದಾರೆ, ಹೆಚ್ಚಿನ ಸಲ ಮೆಮರಿ ಖಾಲಿಯಾಗಿ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು). ಕೋಡ್ ಓದೋದು ಬಿಟ್ಟು ಮೈನಸ್ ಜೆ ಸಂಖ್ಯೆ ಇಳಿಸಿ ನೋಡಿ.

ಈಗ ನಾನು ಕಂಪೈಲ್ ಎಲ್ಲ ನಿಂಜಾಗೆ ಬಿಟ್ಟಿದೀನಿ, ಪ್ಯಾಕ್ ಮಾಡಿ ಕಳ್ಸೋ ನಲವತ್ತು ಲೈನ್ ಮಾತ್ರ ಬ್ಯಾಷಲ್ಲಿದೆ, ಅದರ ಒಂದು ಲೈನು ಪ್ಯಾಕ್ ಮಾಡೋಕೆ ಮುಂಚೆ ಬೈನರಿಯ ಟೈಮ್‌ಸ್ಟ್ಯಾಂಪ್ ಬಿಲ್ಡ್ ಶುರುವಾದ ಹೊತ್ತಿಗಿಂತ ಹಳೇದಾ ಅಂತ ನೋಡುತ್ತೆ, ಹಳೇದಾದ್ರೆ ಅಲ್ಲೇ ನಿಲ್ಲಿಸುತ್ತೆ. ಹತ್ತಿಪ್ಪತ್ತು ಫೈಲಿನ ಪ್ರಾಜೆಕ್ಟಿಗೆ ಮೇಕೇ ಸಾಕು, ಅಲ್ಲಿ ಸಿಮೇಕ್ ತರೋದು ನಂಗೆ ಭಾರ ಅನ್ಸುತ್ತೆ.