ಆರ್‌ಒ ರಿಜೆಕ್ಟ್‌ಗೆ ಎಂವಿಆರ್ ಬೇಕೋ, ಎಂಇಇ ಸಾಕೋ?

ಬಟ್ಟೆಗೆ ಬಣ್ಣ ಹಾಕುವ ಘಟಕದ ತ್ಯಾಜ್ಯ ನೀರನ್ನು ಒಂದು ಹನಿಯೂ ಹೊರಬಿಡದೆ ಮರುಬಳಸುವಾಗ, ಪೊರೆಯ ಮೂಲಕ ನೀರು ಸೋಸುವ ಆರ್‌ಒವರೆಗಿನ ದಾರಿ ಹೇಗೋ ಸಾಗುತ್ತದೆ. ನಿಜವಾದ ತೊಡಕು ಆರ್‌ಒ ಉಳಿಸುವ ಉಪ್ಪು ತುಂಬಿದ ರಿಜೆಕ್ಟ್‌ನದು. ಅದನ್ನು ಕುದಿಸಿ ನೀರು, ಉಪ್ಪು ಬೇರ್ಪಡಿಸಲು ಉಗಿಯಿಂದ ನಡೆಯುವ, ಒಂದು ಹಂತದ ಆವಿಯೇ ಮುಂದಿನ ಹಂತವನ್ನು ಕುದಿಸುವ ಮೂರು ಹಂತದ ಎಂಇಇ (ಮಲ್ಟಿಪಲ್ ಎಫೆಕ್ಟ್ ಇವಾಪೊರೇಟರ್), ವಿದ್ಯುತ್ತಿನಿಂದ ನಡೆಯುವ ಎಂವಿಆರ್ (ಮೆಕ್ಯಾನಿಕಲ್ ವೇಪರ್ ರೀಕಂಪ್ರೆಷನ್) ಎರಡನ್ನೂ ನಡೆಸಿದ್ದೇನೆ. ನನ್ನ ಮತ ಎಂಇಇಗೆ.

ಲೆಕ್ಕದ ಹಾಳೆಯಲ್ಲಿ ಎಂವಿಆರ್‌ಗೆ ಎದುರಿಲ್ಲ. ಸಾವಿರ ಲೀಟರ್ ನೀರನ್ನು ಆವಿಯಾಗಿಸುವ ಶಾಖ 600ಕ್ಕೂ ಹೆಚ್ಚು ಯೂನಿಟ್ ವಿದ್ಯುತ್ತಿಗೆ ಸಮ. ಹೊರಟ ಆವಿಯನ್ನೇ ಫ್ಯಾನಿನಿಂದ ಒತ್ತಿ, ಬಿಸಿ ಏರಿಸಿ ಮತ್ತೆ ಬಳಸುವ ಎಂವಿಆರ್ ಅದೇ ಕೆಲಸವನ್ನು 20 ಯೂನಿಟ್ ಆಸುಪಾಸಿನಲ್ಲಿ ಮುಗಿಸುತ್ತದೆ. ಎಂಇಇಗೆ ಒಂದು ಟನ್ ಉಗಿ ಕೊಟ್ಟರೆ ಆವಿಯಾಗುವುದು ಸುಮಾರು ಎರಡೂವರೆ ಟನ್ ನೀರು.

ಆ ಹಾಳೆಯಲ್ಲಿ ನೊರೆಗೆ ಜಾಗವೇ ಇರಲಿಲ್ಲ. ಬಣ್ಣ ಹಾಕಿದ ಬಟ್ಟೆಯನ್ನು ಸೋಪಿನಲ್ಲಿ ತೊಳೆದ ನೀರು ಬಂದ ಪಾಳಿಯಲ್ಲಿ ಎಂವಿಆರ್‌ನಲ್ಲಿ ಆವಿಯನ್ನು ದ್ರಾವಣದಿಂದ ಬೇರ್ಪಡಿಸುವ ಸೆಪರೇಟರಿನ ಗಾಜಿನ ಕಿಂಡಿ ಬೆಳ್ಳಗಾಗುತ್ತಿತ್ತು. ನೊರೆ ಏರಿ, ಹನಿ ತಡೆಯುವ ಜಾಲರಿಯನ್ನು ದಾಟಿ ಆವಿಯ ಜೊತೆ ಫ್ಯಾನಿಗೆ ಹೋಗುತ್ತಿತ್ತು. ಹನಿಗಳು ಒಣಗಿ ರೆಕ್ಕೆಗಳ ಮೇಲೆ ಉಪ್ಪು ಕೂರುತ್ತಿತ್ತು, ಅದೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ತೂಕ ತಪ್ಪಿದ ಫ್ಯಾನು ಅದುರಿ ತಾನಾಗಿಯೇ ನಿಲ್ಲುತ್ತಿತ್ತು. ಮತ್ತೆ ಶುರುಮಾಡಲು ರೆಕ್ಕೆ ತೊಳೆಯಬೇಕು, ಇಡೀ ವ್ಯವಸ್ಥೆಯನ್ನು ಬಿಸಿಗೆ ತರಬೇಕು. ಅಷ್ಟರಲ್ಲಿ ರಿಜೆಕ್ಟ್ ಟ್ಯಾಂಕ್ ಕಂಠಮಟ್ಟ.

ನೊರೆ ತಡೆಯುವ ಸಿಲಿಕೋನ್ ಹಾಕಿ ಎಂದರು. ಹಾಕಿದೆವು, ನೊರೆ ಇಳಿಯಿತು. ಆದರೆ ಹನಿಗಳ ಜೊತೆ ಅದು ಆವಿ ತಣಿದು ಸಿಗುವ ನೀರಿಗೂ, ಅಂದರೆ ಕಂಡೆನ್ಸೇಟ್‌ಗೂ ಸೇರುತ್ತದೆ. ನಾವು ಮತ್ತೆ ಬಣ್ಣಕ್ಕೆ ಬಳಸುವುದು ಆ ನೀರನ್ನೇ. ಸಿಲಿಕೋನ್ ಕೂತ ಜಾಗದಲ್ಲಿ ಬಟ್ಟೆ ಬಣ್ಣ ಹಿಡಿಯದೆ ಚುಕ್ಕೆ ಉಳಿಯುತ್ತದೆ. ನೀರು ಉಳಿಸಲು ಹೋಗಿ ಬಟ್ಟೆ ಕಳೆದುಕೊಳ್ಳಲು ನಾನು ಸಿದ್ಧನಿಲ್ಲ.

ಎಂಇಇಯಲ್ಲೂ ನೊರೆ ಬರುತ್ತದೆ. ಆದರೆ ಆವಿಯ ದಾರಿಯಲ್ಲಿ ತಿರುಗುವ ಫ್ಯಾನಿಲ್ಲ. ಉಗಿಯ ವಾಲ್ವ್ ಸ್ವಲ್ಪ ಬಿಗಿ ಮಾಡಿ, ಒಳಹರಿವು ತಗ್ಗಿಸಿದರೆ ಪಾಳಿಯವರೇ ಸಂಭಾಳಿಸುತ್ತಾರೆ.

ಇನ್ನೊಂದು ಮಾತು. ಅಡುಗೆ ಉಪ್ಪಿನ ದ್ರಾವಣ ಇನ್ನು ಕರಗಿಸದು ಎನ್ನುವಷ್ಟು ಗಟ್ಟಿಯಾದಾಗ ಅದರ ಕುದಿಬಿಂದು 8 ಡಿಗ್ರಿಯಷ್ಟು ಮೇಲೇರುತ್ತದೆ. ಒಂದೇ ಫ್ಯಾನು ಆವಿಯ ಬಿಸಿ ಏರಿಸುವುದೂ ಹೆಚ್ಚುಕಡಿಮೆ ಅಷ್ಟೇ; ಆವಿಯಿಂದ ದ್ರಾವಣಕ್ಕೆ ಶಾಖ ದಾಟಲು ಬಿಸಿಯ ಅಂತರವೇ ಉಳಿಯದು. ಕೊನೆಯ ಹಂತದಲ್ಲಿ ಎಂವಿಆರ್ ಏದುಸಿರು ಬಿಡುವುದು ಇದಕ್ಕೇ.

ಕೊಳವೆಯೊಳಗೆ ಗಾರೆಯಂಥ ಗಟ್ಟಿ ಪದರ ಕಟ್ಟುವುದು ಎರಡರಲ್ಲೂ ಒಂದೇ. ಬಿಸಿಲಿನ ಒಣಗುಕೊಳ ನನಗೆ ಲೆಕ್ಕಕ್ಕಿಲ್ಲ: ಮಳೆ ಬಿದ್ದರೆ ತುಂಬುತ್ತದೆ, ಆವಿಯಾದ ನೀರು ಕೈಗೆ ಸಿಗುವುದಿಲ್ಲ.

ನಮ್ಮಲ್ಲಿ ಬಾಯ್ಲರ್ ಮೊದಲೇ ಇದೆ, ಉಗಿ ಪಳಗಿದ ಕೈಗಳಿವೆ, ಫ್ಯಾನಿಗೆ ಬದಲಿ ಕೊಂಡಿಡುವಷ್ಟು ಹಣವಿಲ್ಲ. ಬಾಯ್ಲರ್ ಇಲ್ಲದ, ಸೋಪಿಲ್ಲದ, ದಿನವೂ ಒಂದೇ ಬಗೆಯ ಉಪ್ಪುನೀರು ಬರುವ ಕಾರ್ಖಾನೆಗೆ ಎಂವಿಆರ್ ಒಪ್ಪಬಹುದು. ಕೊಳ್ಳುವ ಮುನ್ನ ದಿನದ ಸರಾಸರಿ ಮಾದರಿಯನ್ನಲ್ಲ, ಸೋಪಿನ ಪಾಳಿಯ ನೀರನ್ನೇ ಕೊಟ್ಟು ಎದುರಿಗೇ ಕುದಿಸಿ ತೋರಿಸಲು ಹೇಳಿ.